ಗೋಡೆಯೊಳಗಿನ ಬಾವಿ

ಯುರೋಪಿನ ಕೋಟೆ ನೋಡೋಕೆ ಹೋದವರಿಗೆಲ್ಲ ಯಾರಾದರೊಬ್ಬರು ಹೇಳುವ ಕಥೆಯೊಂದಿದೆ. ಇಂಗ್ಲೆಂಡಿನಲ್ಲಿ ಕೆಲಸಕ್ಕಿದ್ದ ಮೂರು ವರ್ಷದಲ್ಲಿ ನಾನೇ ಅದನ್ನು ಹತ್ತು ಸಲವಾದರೂ ಹೇಳಿದ್ದೇನೆ. ಊರಿಂದ ಯಾರೇ ಬರಲಿ, ಲಂಡನ್ನಿನ ಸೇತುವೆ, ಅರಮನೆ, ಮೇಣದ ಗೊಂಬೆ ಎಲ್ಲ ಮುಗಿದ ಮೇಲೆ ಅವರನ್ನು ರೈಲು ಹತ್ತಿಸಿ ಕೆಂಟ್ ಸೀಮೆಯ ರಾಚೆಸ್ಟರಿಗೆ ಕರೆದುಕೊಂಡು ಹೋಗುತ್ತಿದ್ದೆ. ಅಲ್ಲಿನ ಗೋಪುರದ ಸುತ್ತುಮೆಟ್ಟಿಲನ್ನು ಅರ್ಧ ಹತ್ತಿದ ಮೇಲೆ, ಏದುಸಿರು ಬಿಡುತ್ತಿರುವವರಿಗೆ ಸ್ವಲ್ಪ ವಿಶ್ರಾಂತಿಯೂ ಆಗಲಿ ಅಂತ ನಿಂತು, ಶುರು ಮಾಡುತ್ತಿದ್ದೆ: "ಕೋಟೆಗಳ ಮೆಟ್ಟಿಲು ಗಡಿಯಾರದ ಮುಳ್ಳಿನ ಹಾಗೆ ಬಲಕ್ಕೇ ಸುತ್ತುತ್ತಾ ಏರೋದು ಯಾಕೆ ಗೊತ್ತಾ?"

ಗೊತ್ತಿರುತ್ತಿರಲಿಲ್ಲ. ಆಗ ಛತ್ರಿಯನ್ನು ಕತ್ತಿಯ ಹಾಗೆ ಹಿಡಿದು ತೋರಿಸುತ್ತಿದ್ದೆ. ಕೆಳಗಿಂದ ನುಗ್ಗಿ ಬರುವ ಶತ್ರುವಿನ ಬಲಗಡೆ ನಡುಗಂಬ ಇರುತ್ತೆ. ಬಲಗೈ ಬೀಸೋಕೆ ಜಾಗವಿಲ್ಲ, ಕತ್ತಿ ಕಲ್ಲಿಗೆ ತಗಲುತ್ತೆ. ಮೇಲಿಂದ ಇಳಿದು ಬರುವ ಕೋಟೆಯವನ ಬಲಗೈಗೆ ಮಾತ್ರ ಹೊರಗೋಡೆಯವರೆಗೂ ಬಯಲು. ಎಂಥಾ ಐಡಿಯಾ ನೋಡಿ! ಎಲ್ಲರೂ ತಲೆದೂಗುತ್ತಿದ್ದರು. ಒಂದು ಮೆಟ್ಟಿಲಿನೊಳಗೆ ಇಡೀ ಮಧ್ಯಯುಗ ಸಿಕ್ಕಿಬಿಟ್ಟ ಖುಷಿ ಅವರಿಗೆ. ಅದನ್ನು ತೋರಿಸಿಕೊಟ್ಟ ಖುಷಿ ನನಗೆ.

ಅಪ್ಪ ಅಮ್ಮ ಬಂದಾಗ ಈ ಪ್ರದರ್ಶನ ಕೆಟ್ಟಿತು. ಅಪ್ಪ ಎಡಚರು. "ನನ್ನಂಥೋನು ಬಂದ್ರೆ ಏನ್ ಮಾಡ್ತಿದ್ರೋ?" ಅಂದರು. ಅದಕ್ಕೇನೋ ಉತ್ತರ ಹೊಂದಿಸುವಷ್ಟರಲ್ಲಿ ಅಮ್ಮ ಕೆಳಗಿನ ಮೆಟ್ಟಿಲಲ್ಲೇ ಕೂತು, ಮಂಡಿ ನೀವಿಕೊಳ್ಳುತ್ತಾ, "ಕತ್ತಿ ವಿಷಯ ಇರ್ಲಿ ಕಣೋ, ಇಷ್ಟೆತ್ತರಕ್ಕೆ ನೀರು ಯಾರು ಹೊರ್ತಿದ್ರು?" ಅಂತ ಕೇಳಿದರು. ಅವತ್ತು ನಕ್ಕು ಮುಂದೆ ಹತ್ತಿದೆವು. ಆದರೆ ಕೋಟೆಯ ಗೋಪುರವೊಂದನ್ನು ಕಟ್ಟಡವಾಗಿ ಹೇಗೆ ನೋಡಬೇಕು, ಯಾವ ಅಳತೆಗೋಲಿನಿಂದ ಒಳ್ಳೆಯದು ಕೆಟ್ಟದು ಅನ್ನಬೇಕು ಅಂತ ಆಮೇಲೆ ಓದಿದ್ದೆಲ್ಲ ನನ್ನ ಕಥೆಯನ್ನು ಕೆಡವುತ್ತಾ, ಅಮ್ಮನ ಪ್ರಶ್ನೆಯ ಹತ್ತಿರವೇ ತಂದು ನಿಲ್ಲಿಸಿತು.

ಮೊದಲು ಕಥೆಯ ಗತಿ ಹೇಳಿಬಿಡುತ್ತೇನೆ. ಬಲಗೈ ಮೆಟ್ಟಿಲಿನ ಈ ವಾದ ಮಧ್ಯಯುಗದ ಬರಹಗಳಲ್ಲಿ ಹುಡುಕಿದವರಿಗೆ ಸಿಕ್ಕಿಲ್ಲ. ಅದರ ಜಾಡು ಹಿಡಿದು ಹೋದರೆ ತಲುಪುವುದು 1902ಕ್ಕೆ, ಥಿಯೋಡರ್ ಆಂಡ್ರಿಯಾ ಕುಕ್ ಎಂಬ ಇಂಗ್ಲಿಷ್ ಲೇಖಕನ ಬಳಿಗೆ. ಶಂಖ, ಬಳ್ಳಿ, ಮೆಟ್ಟಿಲು ಹೀಗೆ ಸುರುಳಿ ಸುತ್ತುವುದರ ಬಗ್ಗೆಯೆಲ್ಲ ವಿಪರೀತ ಆಸಕ್ತಿ ಇದ್ದ ಮನುಷ್ಯ. ಫ್ರಾನ್ಸಿನ ಬ್ಲುವಾ ಅರಮನೆಯ ಸುಂದರ ಮೆಟ್ಟಿಲಿಗೂ ಲಿಯೊನಾರ್ಡೊ ಡ ವಿಂಚಿಗೂ ನಂಟು ಹಾಕಲು ಪುಸ್ತಕವನ್ನೇ ಬರೆದವನು. ಇನ್ನೊಂದು ವಿಷಯ ಕೇಳಿ: ಆತ ಕತ್ತಿವರಸೆಯ ಹುಚ್ಚ. 1906ರಲ್ಲಿ ಅಥೆನ್ಸಿನಲ್ಲಿ ನಡೆದ ಕ್ರೀಡಾಕೂಟಕ್ಕೆ ಹೋದ ಬ್ರಿಟಿಷ್ ಕತ್ತಿವರಸೆ ತಂಡದ ನಾಯಕ. ಕತ್ತಿವರಸೆಯವನ ಕಣ್ಣಿಗೆ ಮೆಟ್ಟಿಲೂ ಅಖಾಡದ ಹಾಗೆ ಕಂಡರೆ ಆಶ್ಚರ್ಯವಿಲ್ಲ. ಆಶ್ಚರ್ಯ ಏನೆಂದರೆ, ಅವನ ಊಹೆ ನೂರು ವರ್ಷ ಪ್ರವಾಸಿ ಕೈಪಿಡಿ, ಶಾಲಾ ಪುಸ್ತಕ, ಗೈಡುಗಳ ಬಾಯಿ ಎಲ್ಲವನ್ನೂ ಹಾದು ನನ್ನ ಛತ್ರಿಯವರೆಗೂ ಬಂದದ್ದು.

ಆಮೇಲೆ ನೀಲ್ ಗೈ ಎಂಬ ಸಂಶೋಧಕರು ಇಂಗ್ಲೆಂಡ್, ವೇಲ್ಸ್‌ಗಳ ಕೋಟೆಗಳಲ್ಲಿ ಎಡಕ್ಕೆ ಸುತ್ತುವ ಮೆಟ್ಟಿಲುಗಳನ್ನು ಪಟ್ಟಿ ಮಾಡಿದರು. ಒಂದೆರಡಲ್ಲ, ಡಜನುಗಟ್ಟಲೆ. ಅದೂ ದೊಡ್ಡ ದೊಡ್ಡ ಕೋಟೆಗಳಲ್ಲಿ. ಬಲಕ್ಕೆ ಸುತ್ತುವವು ಹೆಚ್ಚು, ನಿಜ. ಆದರೆ ಬಲಸುತ್ತಿನ ಮೆಟ್ಟಿಲು ಚರ್ಚಿನ ಗಂಟೆಗೋಪುರಗಳಲ್ಲೂ ಇವೆಯಲ್ಲ, ಅಲ್ಲಿ ಯಾರು ಯಾರ ಮೇಲೆ ಕತ್ತಿ ಬೀಸಬೇಕಿತ್ತು? ಇದೆಲ್ಲಕ್ಕಿಂತ ಸರಳವಾದ ಆಕ್ಷೇಪ ಇನ್ನೊಂದಿದೆ. ಶತ್ರು ಮೆಟ್ಟಿಲವರೆಗೆ ಬಂದಿದ್ದಾನೆ ಅಂದರೆ ಕಂದಕ, ಹೊರಗೋಡೆ, ಬಾಗಿಲು ಎಲ್ಲ ಹೋಗಿವೆ. ಇನ್ನು ಅವನು ಒಬ್ಬೊಬ್ಬನಾಗಿ ಆ ಕತ್ತಲಿಗೆ ನುಗ್ಗಿ ಯಾಕೆ ಸಾಯಬೇಕು? ಕೆಳಗೆ ಕೂತು ಅಡುಗೆ ಮಾಡಿಕೊಂಡು ಉಂಡರೆ ಸಾಕು. ಮೇಲಿರುವವರು ತಾವೇ ಇಳಿದು ಬರುತ್ತಾರೆ.

ಕಥೆ ತಪ್ಪು ಅನ್ನೋದಕ್ಕಿಂತ, ಅದು ಯಾವ ಥರದ ತಪ್ಪು ಅನ್ನೋದು ನನಗೆ ಮುಖ್ಯ. ಅದು ಮುತ್ತಿಗೆಯನ್ನು ಇಬ್ಬರ ಕಾಳಗ ಮಾಡಿಬಿಡುತ್ತದೆ. ಗೋಪುರದ ಒಂದೊಂದು ಅಂಗಕ್ಕೂ ಹೀಗೇ ಒಂದು ಜಾಣತನದ ವಿವರಣೆ ಅಂಟಿಕೊಂಡಿದೆ. ಬಾಗಿಲಿನ ಮೇಲ್ಛಾವಣಿಯ ತೂತುಗಳಿಂದ ಕುದಿಯುವ ಎಣ್ಣೆ ಸುರಿಯುತ್ತಿದ್ದರು ಅಂತಾರೆ. ಎಣ್ಣೆಯ ಬೆಲೆ ಗೊತ್ತಿದ್ದ ಯಾರೂ ಅದನ್ನು ಹಾಗೆ ಚೆಲ್ಲುತ್ತಿರಲಿಲ್ಲ. ಕಲ್ಲು ಹಾಕಿರಬಹುದು. ಶತ್ರು ಬಾಗಿಲಿಗೆ ಹಚ್ಚಿದ ಬೆಂಕಿ ಆರಿಸಲು ನೀರನ್ನೂ ಸುರಿದಿರಬಹುದು. ಬಾಣ ಬಿಡುವ ಕಿಂಡಿಯದೂ ಇದೇ ಪಾಡು. ಒಳಗೆ ಅಗಲ, ಹೊರಗೆ ಒಂದು ಗೀಟು. ಒಳಗಿನವನು ಪೂರಾ ಸುರಕ್ಷಿತ ಅನ್ನುವುದು ನಂಬಿಕೆ. ವೇಲ್ಸ್‌ನ ವೈಟ್ ಕ್ಯಾಸಲ್‌ನಲ್ಲಿ ಇಬ್ಬರು ಸಂಶೋಧಕರು ನಿಜವಾದ ಬಿಲ್ಲುಗಾರರನ್ನು ನಿಲ್ಲಿಸಿ ಪರೀಕ್ಷಿಸಿದರು. ಹತ್ತಿರದಿಂದ ಬಿಟ್ಟ ಬಾಣಗಳಲ್ಲಿ ಸಾಕಷ್ಟು ಆ ಗೀಟಿನೊಳಗೇ ತೂರಿ ಬಂದವು.

ಇಲ್ಲಿ ನಮ್ಮ ಭಾಷೆಯೂ ಸ್ವಲ್ಪ ದಾರಿ ತಪ್ಪಿಸುತ್ತೆ. ಕೋಟೆ ಅಂದ ಕೂಡಲೇ ಕನ್ನಡದವರ ಕಣ್ಣಿಗೆ ಬರುವುದು ಚಿತ್ರದುರ್ಗ: ಸುತ್ತಿನ ಮೇಲೆ ಸುತ್ತು, ಒಳಗೆ ಗುಡಿ, ಹೊಂಡ, ಪೇಟೆ, ಇಡೀ ಊರು. ಇಂಗ್ಲಿಷಿನ ಕ್ಯಾಸಲ್ ಅದಲ್ಲ. ಅದು ಒಬ್ಬ ಧಣಿಯ ಮನೆ. ಗೋಡೆ ದಪ್ಪ ಇದೆ, ಕಾವಲಿದೆ, ಆದರೂ ಮನೆ. ಊಟದ ಹಜಾರ, ಮಲಗುವ ಕೋಣೆ, ಪ್ರಾರ್ಥನೆಯ ಜಾಗ, ಪಾಯಿಖಾನೆ ಎಲ್ಲವನ್ನೂ ಒಂದರ ಮೇಲೊಂದು ಜೋಡಿಸಿಟ್ಟ ಮನೆ. ಮನೆಯನ್ನು ಬರೀ ಆಯುಧವಾಗಿ ಓದಿದರೆ ಅದರ ಪ್ಲಾನ್ ಅರ್ಥವಾಗುವುದಿಲ್ಲ.

ರಾಚೆಸ್ಟರನ್ನೇ ತಗೊಳ್ಳಿ. ಲಂಡನ್ನಿನಿಂದ ಡೋವರಿಗೆ ಹೋಗುವ ಹಳೆಯ ರೋಮನ್ ರಸ್ತೆ ಮೆಡ್ವೇ ನದಿಯನ್ನು ದಾಟುವ ಕಡೆ ಇದೆ ಈ ಗೋಪುರ. 1127ರಲ್ಲಿ ಒಂದನೇ ಹೆನ್ರಿ ಈ ಕೋಟೆಯನ್ನು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರಿಗೆ ವಹಿಸಿಕೊಟ್ಟ. ಆಗಿನ ಆರ್ಚ್‌ಬಿಷಪ್ ವಿಲಿಯಂ ಡಿ ಕಾರ್ಬೇಲ್ ಕಟ್ಟಿಸಿದ್ದು ಇದು. ಚೌಕ ತಳ, ಒಂದೊಂದು ಬದಿಯೂ ಸುಮಾರು 70 ಅಡಿ. ಕೈಪಿಡಿಗೋಡೆಯವರೆಗೆ 113 ಅಡಿ ಎತ್ತರ, ಮೂಲೆಗಳ ಪುಟ್ಟ ಗೋಪುರ ಅದಕ್ಕೂ ಮೇಲೆ. ಬುಡದಲ್ಲಿ ಗೋಡೆಯ ದಪ್ಪ ಸುಮಾರು 12 ಅಡಿ, ಅಂದರೆ ಬೆಂಗಳೂರಿನ ಅಪಾರ್ಟ್‌ಮೆಂಟಿನ ಒಂದು ಬೆಡ್‌ರೂಮಿನಷ್ಟು.

ನೆಲಮಟ್ಟದಲ್ಲಿ ಬಾಗಿಲಿಲ್ಲ. ಹೊರಗಿನಿಂದ ಮೆಟ್ಟಿಲು ಮೂಲೆ ಸುತ್ತಿಕೊಂಡು ಏರಿ, ನಡುವೆ ಎತ್ತುಸೇತುವೆ ದಾಟಿ, ಮುಖ್ಯ ಗೋಪುರಕ್ಕೆ ಆನಿಸಿ ಕಟ್ಟಿದ ಚಿಕ್ಕ ಮುನ್‌ಗೋಪುರದ ಮೂಲಕ ಮೊದಲ ಮಹಡಿಗೆ ತಲುಪಬೇಕು. ಇದು ರಕ್ಷಣೆಗೋ ಠೀವಿಗೋ ಅಂದರೆ ಎರಡಕ್ಕೂ. ಶತ್ರು ಆ ಮೆಟ್ಟಿಲಲ್ಲಿ ಏಟಿಗೆ ಸಿಗುತ್ತಾನೆ. ಅಹವಾಲು ಹೊತ್ತು ಬಂದವನು ಅದೇ ಮೆಟ್ಟಿಲು ಹತ್ತುವಷ್ಟರಲ್ಲಿ ತಗ್ಗಿ ಬಗ್ಗಿ ಹೋಗಿರುತ್ತಾನೆ. ದೊಡ್ಡ ಸಾಹೇಬರ ಚೇಂಬರಿಗೆ ಮೂರು ರಿಸೆಪ್ಶನ್ ದಾಟಿ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಳಗೆ ಈಗ ಮಾಳಿಗೆಗಳಿಲ್ಲ, ಚಾವಣಿಯಿಲ್ಲ. ತೊಲೆ ಕೂರಿಸಿದ್ದ ತೂತುಗಳು ಸಾಲಾಗಿ ಕಾಣುತ್ತವೆ, ಅವುಗಳ ತುಂಬ ಪಾರಿವಾಳ. ನಡುವೆ ಬುಡದಿಂದ ತುದಿಯವರೆಗೆ ಒಂದು ಅಡ್ಡಗೋಡೆ ಇಡೀ ಗೋಪುರವನ್ನು ಇಬ್ಭಾಗ ಮಾಡಿದೆ. ಅಮ್ಮನ ಪ್ರಶ್ನೆಗೆ ಉತ್ತರ ಇದ್ದದ್ದು ಆ ಗೋಡೆಯೊಳಗೆ. ನೆಲದ ಬಾವಿಯಿಂದ ಗೋಡೆಯ ಹೊಟ್ಟೆಯಲ್ಲೇ ಒಂದು ಕೊಳವೆ ಮೇಲಕ್ಕೆ ಹೋಗಿದೆ, ಪ್ರತಿ ಮಹಡಿಯಲ್ಲೂ ಅದಕ್ಕೊಂದು ಬಾಯಿ. ಯಾವ ಮಹಡಿಯಿಂದ ಬೇಕಾದರೂ ಹಗ್ಗ ಬಿಟ್ಟು ನೀರು ಸೇದಬಹುದು. ಯಾರೂ ಹೊರಬೇಕಾಗಿರಲಿಲ್ಲ. ಹತ್ತು ಸಲ ಹೋಗಿದ್ದರೂ ಈ ಬಾಯಿಯ ಮುಂದೆ ನಾನು ಒಮ್ಮೆಯೂ ಜನರನ್ನು ನಿಲ್ಲಿಸಿರಲಿಲ್ಲ. ನನ್ನ ಪ್ರಕಾರ ಇಡೀ ಗೋಪುರದ ಅತ್ಯುತ್ತಮ ರಕ್ಷಣಾ ವ್ಯವಸ್ಥೆ ಇದೇ.

1215ರಲ್ಲಿ ಏನಾಯಿತು ನೋಡಿ. ಜೂನ್ ತಿಂಗಳಲ್ಲಿ ದೊರೆ ಜಾನ್ ಮ್ಯಾಗ್ನಾ ಕಾರ್ಟಾಕ್ಕೆ ಮುದ್ರೆ ಒತ್ತಿದ. ಶರತ್ಕಾಲದ ಹೊತ್ತಿಗೆ ಒಪ್ಪಂದ ಮುರಿದು ಅಂತರ್ಯುದ್ಧ ಶುರುವಾಗಿತ್ತು. ಬಂಡುಕೋರರು ವಿಲಿಯಂ ಡಿ ಆಬಿನಿಯ ನಾಯಕತ್ವದಲ್ಲಿ ರಾಚೆಸ್ಟರ್ ಸೇರಿಕೊಂಡರು. ಬಾಗಿಲು ತೆರೆದುಕೊಟ್ಟವನು ಕೋಟೆಯ ಅಧಿಕಾರಿಯೇ. ಅಕ್ಟೋಬರ್ ಮಧ್ಯದಲ್ಲಿ ಜಾನ್ ಬಂದು ಮುತ್ತಿಗೆ ಹಾಕಿದ. ಕಲ್ಲೆಸೆಯುವ ಯಂತ್ರಗಳು ಹಗಲೂ ರಾತ್ರಿ ಬಡಿದರೂ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಆಗ ಮೂಲೆಯ ಕೆಳಗೆ ಸುರಂಗ ತೋಡಿಸಿದ. ಸುರಂಗ ಅಂದರೆ ಒಳಗೆ ನುಗ್ಗುವ ಗುಪ್ತ ದಾರಿಯಲ್ಲ. ಅಡಿಪಾಯದ ಕೆಳಗಿನ ಮಣ್ಣು ತೆಗೆಯುತ್ತಾ ಹೋಗಿ ಮರದ ಕಂಬಗಳ ಆಸರೆ ಕೊಡುವುದು, ಆಮೇಲೆ ಆ ಕಂಬಗಳಿಗೆ ಬೆಂಕಿ ಹಾಕುವುದು. ಕಂಬ ಉರಿದರೆ ಮೇಲಿನ ಕಲ್ಲು ತನ್ನ ಭಾರಕ್ಕೇ ಕುಸಿಯುತ್ತದೆ.

ನವೆಂಬರ್ 25ರಂದು ಜಾನ್ ತನ್ನ ಅಧಿಕಾರಿ ಹ್ಯೂಬರ್ಟ್ ಡಿ ಬರ್ಗ್‌ಗೆ ಬರೆಸಿದ ಆಜ್ಞೆ ಉಳಿದಿದೆ: ಗೋಪುರದ ಕೆಳಗೆ ಬೆಂಕಿ ಹಾಕಲು ನಲವತ್ತು ಹಂದಿ ಬೇಕು, ಕೊಬ್ಬಿರುವಂಥವು, ತಿನ್ನಲು ಲಾಯಕ್ಕಲ್ಲದವಾದರೆ ಒಳ್ಳೆಯದು. ಆಡಳಿತ ಅಂದರೆ ಇದು. ಇಡೀ ರಾಜ್ಯ ಹೊತ್ತಿ ಉರಿಯುವಾಗಲೂ ಒಳ್ಳೆಯ ಹಂದಿ ವೇಸ್ಟ್ ಆಗಬಾರದು. ಹಂದಿಯ ಕೊಬ್ಬಿನಲ್ಲಿ ಕಂಬಗಳು ಉರಿದವು, ಗೋಪುರದ ಆಗ್ನೇಯ ಮೂಲೆ ಕುಸಿದುಬಿತ್ತು. (ನಮ್ಮ ವಾಸ್ತುವಿನವರು, ಬೆಂಕಿಗೆ ಸರಿಯಾದ ಮೂಲೆಯೇ ಅಂದಾರು.)

ನಾನು ಹೇಳುತ್ತಿದ್ದ ಕಥೆ ನಿಜವಾಗಿದ್ದರೆ ಈಗ ಮೆಟ್ಟಿಲ ಕಾಳಗ ನಡೆಯಬೇಕಿತ್ತು. ನಡೆಯಲಿಲ್ಲ. ಒಳಗಿದ್ದವರು ಅಡ್ಡಗೋಡೆಯ ಇನ್ನೊಂದು ಬದಿಗೆ ಸರಿದು ಬಾಗಿಲು ಭದ್ರ ಮಾಡಿಕೊಂಡರು. ಅರ್ಧ ಗೋಪುರವಷ್ಟೇ ಕೈಯಲ್ಲಿ. ಕುದುರೆ ಮಾಂಸ ತಿನ್ನುವ ಸ್ಥಿತಿ ಆಗಲೇ ಬಂದಿತ್ತು. ಹೋರಾಡಲಾರದ ಕೆಲವರನ್ನು, ಉಣ್ಣುವ ಬಾಯಿ ಕಡಿಮೆಯಾಗಲಿ ಅಂತ, ಹೊರಕ್ಕೆ ಕಳಿಸಿದರು. ಅವರಲ್ಲಿ ಕೆಲವರ ಕೈಕಾಲುಗಳನ್ನು ಜಾನ್ ಕಡಿಸಿದನೆಂದು ಆ ಕಾಲದ ವೃತ್ತಾಂತಕಾರನೊಬ್ಬ ದಾಖಲಿಸಿದ್ದಾನೆ. ನವೆಂಬರ್ 30ಕ್ಕೆ ಉಳಿದವರೂ ಶರಣಾದರು. ಸೋಲಿಸಿದ್ದು ಕತ್ತಿಯಲ್ಲ, ಹಸಿವು. ಎಲ್ಲರನ್ನೂ ನೇಣಿಗೆ ಹಾಕಬೇಕೆಂದಿದ್ದ ಜಾನ್‌ಗೆ ಅವನ ಕಡೆಯವರೇ ಬುದ್ಧಿ ಹೇಳಿದರು, ನಾಳೆ ನಮ್ಮವರು ಸಿಕ್ಕಿಬಿದ್ದರೆ ಅವರೂ ಹಾಗೇ ಮಾಡುತ್ತಾರೆ ಅಂತ. ಕೊನೆಗೆ ನೇಣಿಗೇರಿದವನು, ಅದೇ ವೃತ್ತಾಂತದ ಪ್ರಕಾರ, ಒಬ್ಬನೇ: ಚಿಕ್ಕಂದಿನಿಂದ ಜಾನನ ಅನ್ನ ತಿಂದು ಬೆಳೆದಿದ್ದ ಒಬ್ಬ ಅಡ್ಡಬಿಲ್ಲುಗಾರ.

ಏಳು ವಾರ. ಅಷ್ಟು ದಿನ ಆ ಗೋಪುರ ಜನರನ್ನು ಬದುಕಿಸಿತ್ತು. ಗೋಪುರದ ಕೆಲಸ ಗೆಲ್ಲುವುದಲ್ಲ, ಯಾರಾದರೂ ನೆರವಿಗೆ ಬರುವವರೆಗೆ ಸಮಯ ಕೊಡುವುದು. ಲಂಡನ್ನಿನ ಬಂಡುಕೋರರ ದಂಡು ಹೊರಟು, ಅರ್ಧ ದಾರಿಯಿಂದ ವಾಪಸ್ ಹೋಯಿತು. ಗೋಪುರದ ವಿನ್ಯಾಸದಲ್ಲಿ ಅದಕ್ಕೆ ಪರಿಹಾರವಿಲ್ಲ.

ಆಮೇಲೆ ಜಾನನ ಮಗ ಮೂರನೇ ಹೆನ್ರಿಯ ಕಾಲದಲ್ಲಿ ಬಿದ್ದ ಮೂಲೆಯನ್ನು ಮತ್ತೆ ಕಟ್ಟಿದರು. ಚೌಕವಾಗಿ ಅಲ್ಲ, ದುಂಡಗೆ. ಇವತ್ತಿಗೂ ರಾಚೆಸ್ಟರಿನ ಗೋಪುರಕ್ಕೆ ಮೂರು ಮೂಲೆ ಚೂಪು, ಒಂದು ಮೂಲೆ ದುಂಡು. ಕಾರಣ ಸರಳ. ಚೌಕ ಮೂಲೆಯ ಕಲ್ಲಿಗೆ ಎರಡು ಕಡೆ ಆಸರೆಯಿಲ್ಲ, ಗುದ್ದಲಿಗೆ ಬೇಗ ಸಡಿಲುತ್ತದೆ. ಜೊತೆಗೆ ಮೂಲೆಯ ಬುಡಕ್ಕೆ ಅಂಟಿ ನಿಂತವನು ಮೇಲಿರುವವನ ಕಣ್ಣಿಗೆ ಬೀಳುವುದಿಲ್ಲ, ಬಗ್ಗಿ ನೋಡಿದರೆ ನೋಡಿದವನ ತಲೆ ಹೋಗುತ್ತದೆ. ದುಂಡು ಗೋಡೆಗೆ ಈ ಕುರುಡು ಜಾಗ ಕಡಿಮೆ, ಕಲ್ಲುಗಳೂ ಬಳೆಯ ಹಾಗೆ ಒಂದನ್ನೊಂದು ಬಿಗಿದುಕೊಂಡಿರುತ್ತವೆ. ಆ ವಿಚಿತ್ರ ಮೂಲೆ ನೋಡಿದಾಗಲೆಲ್ಲ ನನಗೆ ಆಫೀಸಿನಲ್ಲಿ ಸರ್ವರ್ ಬಿದ್ದ ಮಾರನೇ ದಿನ ಬರೆಯುವ ರಿಪೋರ್ಟು ನೆನಪಾಗುತ್ತದೆ. ವ್ಯತ್ಯಾಸ ಇಷ್ಟೇ, ಇವರು ರಿಪೋರ್ಟನ್ನು ಕಲ್ಲಿನಲ್ಲಿ ಬರೆದಿದ್ದಾರೆ. ಉಳಿದ ಮೂರು ಮೂಲೆಗಳನ್ನು ಯಾಕೆ ಹಾಗೇ ಬಿಟ್ಟರು ಅಂತ ಕೇಳಬೇಡಿ. ಬಜೆಟ್ ಎನ್ನುವುದು ಎಲ್ಲ ಕಾಲಕ್ಕೂ ಇದ್ದದ್ದೇ.

ಹಾಗಾದರೆ ಚೌಕದಿಂದ ದುಂಡಿಗೆ ಹೋಗಿದ್ದು ನೇರವಾದ ಪ್ರಗತಿಯೇ? ಶಾಲಾ ಪುಸ್ತಕಗಳು ಹಾಗೇ ಬರೆಯುತ್ತವೆ. ಆದರೆ ಎರಡನೇ ಹೆನ್ರಿ ಡೋವರಿನಲ್ಲಿ ಮಾಡಿದ್ದನ್ನು ನೋಡಿ. ಅಲ್ಲಿನ ಮುಖ್ಯ ಗೋಪುರ ಎದ್ದದ್ದು 1180ರ ದಶಕದಲ್ಲಿ, ಮಾರಿಸ್ ಎಂಬ ಇಂಜಿನಿಯರನ ಕೈಯಲ್ಲಿ. ಗೋಡೆಯ ದಪ್ಪ ಕೆಲವು ಕಡೆ 21 ಅಡಿ. ಆಕಾರ ಚೌಕ. ದುಂಡು ಗೊತ್ತಿರಲಿಲ್ಲವೇ? ಇದೇ ಹೆನ್ರಿ ಅದಕ್ಕೆ ಮುಂಚೆಯೇ ಆರ್ಫರ್ಡಿನಲ್ಲಿ ಬಹುಮುಖದ, ಹೆಚ್ಚುಕಡಿಮೆ ದುಂಡಗಿನ ಗೋಪುರ ಕಟ್ಟಿಸಿದ್ದ. ಅವನ ಮಲಸಹೋದರ ಹ್ಯಾಮ್ಲಿನ್ ಸುಮಾರು ಡೋವರಿನ ಕಾಲದಲ್ಲೇ ಕಾನಿಸ್ಬರೋದಲ್ಲಿ ಆರು ದಪ್ಪ ಆನಿಕೆಗಳ ಅಪ್ಪಟ ದುಂಡು ಗೋಪುರ ಎಬ್ಬಿಸಿದ. ಗೊತ್ತಿದ್ದೂ ದೊರೆ ಚೌಕವನ್ನೇ ಆರಿಸಿಕೊಂಡ. ಕ್ಯಾಂಟರ್ಬರಿಯಲ್ಲಿ 1170ರಲ್ಲಿ ಕೊಲೆಯಾದ ಥಾಮಸ್ ಬೆಕೆಟ್‌ನ ಸಮಾಧಿ ನೋಡಲು ಯುರೋಪಿನ ದೊಡ್ಡವರೆಲ್ಲ ಡೋವರಿನಲ್ಲಿ ಹಡಗಿಳಿದು ಬರುತ್ತಿದ್ದರು. ಆ ಕೊಲೆಯ ಕಳಂಕ ಇದ್ದದ್ದು ಈ ಹೆನ್ರಿಯ ಮೇಲೆಯೇ. ಬಂದವರಿಗೆ ಕಾಣಬೇಕಾದದ್ದು ಅಜ್ಜನ ಕಾಲದಿಂದ ರಾಜತ್ವದ ಗುರುತಾಗಿದ್ದ ಚೌಕ ಗೋಪುರ. ಇದರ ಜೊತೆಗೆ ಸಣ್ಣ ವಿಷಯವೊಂದಿದೆ, ದುಂಡು ಕೋಣೆಯಲ್ಲಿ ಬದುಕುವುದು ಕಷ್ಟ. ದುಂಡು ಗೋಡೆಗೆ ಒಂದು ಬೀರು ಆನಿಸಿ ನೋಡಿ, ಗೊತ್ತಾಗುತ್ತೆ.

ಡೋವರಿನಲ್ಲೂ ನನ್ನ ಕಣ್ಣು ಹೋಗುವುದು ಬಾವಿಗೇ. ಬೆಟ್ಟದ ಸುಣ್ಣಕಲ್ಲಿನೊಳಗೆ 100 ಮೀಟರಿಗೂ ಆಳಕ್ಕೆ ತೋಡಿ, ಮೇಲಿನ ಮಹಡಿಯಲ್ಲಿ ಸೇದಿ, ಸೀಸದ ಕೊಳವೆಗಳಲ್ಲಿ ಗೋಪುರದೊಳಗೆ ನೀರು ಹರಿಸಿದ್ದರು. ಹನ್ನೆರಡನೇ ಶತಮಾನದಲ್ಲಿ ನಲ್ಲಿ ನೀರು! 1216ರಲ್ಲಿ ಫ್ರಾನ್ಸಿನ ರಾಜಕುಮಾರ ಲೂಯಿ ಉತ್ತರದ ಬಾಗಿಲಿನ ಒಂದು ಗೋಪುರದ ಕೆಳಗೆ ಸುರಂಗ ತೋಡಿ ಅದನ್ನು ಕೆಡವಿದಾಗಲೂ ಡೋವರ್ ಬೀಳಲಿಲ್ಲ. ಒಳಗಿದ್ದವರು ಮರದ ದಿಮ್ಮಿಗಳನ್ನು ಜೋಡಿಸಿ ಸಂದು ಮುಚ್ಚಿದರು. ನಾಯಕ ಯಾರು ಅಂದುಕೊಂಡಿರಿ? ಹಿಂದಿನ ವರ್ಷ ನಲವತ್ತು ಹಂದಿ ಕಳಿಸಲು ಆಜ್ಞೆ ಪಡೆದಿದ್ದ ಅದೇ ಹ್ಯೂಬರ್ಟ್.

ವಿನ್ಯಾಸದ ಜಾಣತನವನ್ನೇ ಪೂಜಿಸುವವರು ಹೋಗಬೇಕಾದ ಜಾಗ ನಾರ್ಮಂಡಿಯ ಶಾಟೋ ಗಯ್ಯಾರ್. ಸಿಂಹಹೃದಯಿ ರಿಚರ್ಡ್ ಅದನ್ನು 1196ರಿಂದ 1198ರವರೆಗೆ, ಎರಡೇ ವರ್ಷದಲ್ಲಿ, 11,000 ಪೌಂಡಿಗೂ ಹೆಚ್ಚು ಸುರಿದು ಕಟ್ಟಿಸಿದ. ಸೇನ್ ನದಿಯ ಮೇಲಿನ ಬಂಡೆ, ಒಂದರ ಹಿಂದೆ ಒಂದು ಅಂಗಳ, ಅಲೆಅಲೆಯಾಗಿ ಉಬ್ಬಿದ ಒಳಗೋಡೆ. ಮುಖ್ಯ ಗೋಪುರದ ಮುಂಭಾಗ ಹಡಗಿನ ಮೂತಿಯ ಹಾಗೆ ಚೂಪು, ಹೊಡೆದ ಕಲ್ಲು ಜಾರಿ ಹೋಗಲಿ ಅಂತ. ಬುಡ ಇಳಿಜಾರು, ತೋಡುವವರಿಗೆ ಕಷ್ಟವಾಗಲಿ ಅಂತ. ಕಾಗದದ ಮೇಲೆ ಇದಕ್ಕಿಂತ ಚೆನ್ನಾದ ಕೋಟೆ ಆ ಕಾಲದಲ್ಲಿ ಸಿಗುವುದು ಕಷ್ಟ.

ರಿಚರ್ಡ್ ಸತ್ತು ನಾಲ್ಕೇ ವರ್ಷಕ್ಕೆ, 1203ರಲ್ಲಿ ಫ್ರಾನ್ಸಿನ ಎರಡನೇ ಫಿಲಿಪ್ ಮುತ್ತಿಗೆ ಹಾಕಿದ. 1204ರ ಮಾರ್ಚ್ 6ಕ್ಕೆ ಕೋಟೆ ಅವನದಾಯಿತು. ಹೊರ ಅಂಗಳದ ಗೋಪುರ ಸುರಂಗಕ್ಕೆ ಬಿತ್ತು. ನಡು ಅಂಗಳಕ್ಕೆ ಪಾಯಿಖಾನೆಯ ಕೊಳವೆ ಹತ್ತಿ ಬಂದರು ಅಂತ ಎಲ್ಲರೂ ಹೇಳುತ್ತಾರೆ. ಫಿಲಿಪ್ಪನ ಜೊತೆಗೇ ಇದ್ದ ವೃತ್ತಾಂತಕಾರ ಬ್ರೆತಾನಿನ ಗಿಯೋಂ ಬರೆದದ್ದು ಒಂದು ಕಿಟಕಿಯ ಬಗ್ಗೆ. ಅಣ್ಣನ ನಂತರ ಜಾನ್ ಅಲ್ಲಿ ಸೇರಿಸಿದ ಪ್ರಾರ್ಥನಾ ಮಂದಿರದ ಕಟ್ಟಡದ ಕಿಟಕಿ. ಕಿಂಡಿ ಇತ್ತು, ಓಬವ್ವ ಇರಲಿಲ್ಲ ಅಷ್ಟೇ. ಒಳಗಿನ ಬಾಗಿಲಿನ ಮುಂದೆ ಬಂಡೆಯನ್ನೇ ಕಡಿದು ಬಿಟ್ಟಿದ್ದ ಕಲ್ಲಿನ ಸೇತುವೆ, ಗೋಡೆ ತೋಡುವವರಿಗೆ ತಲೆಮೇಲಿನ ಸೂರಾಯಿತು. ಗೋಡೆ ಒಡೆದಾಗ ಉಳಿದವರು ಆ ಹಡಗು ಮೂತಿಯ ಗೋಪುರಕ್ಕೆ ಹೋಗಿ ಸೇರಿಕೊಳ್ಳಲೂ ಇಲ್ಲ. ಅಷ್ಟು ಯೋಚಿಸಿ ಮಾಡಿದ ಗೋಪುರ ಉಪಯೋಗಕ್ಕೇ ಬರಲಿಲ್ಲ.

ಗಯ್ಯಾರಿನಲ್ಲಿ ನಾನು ಮರೆಯಲಾರದ್ದು ಮಾತ್ರ ಬೇರೆ. ಮುತ್ತಿಗೆ ಶುರುವಾದಾಗ ಕೆಳಗಿನ ಊರಿನ ಜನ, ಸಾವಿರಕ್ಕೂ ಮೇಲೆ, ಕೋಟೆಯೊಳಗೆ ಓಡಿ ಬಂದಿದ್ದರು. ಕೋಟೆಯ ಅಧಿಕಾರಿ ರೋಜರ್ ಡಿ ಲೇಸಿ ಉಗ್ರಾಣದ ಲೆಕ್ಕ ಹಾಕಿದ. ಇಷ್ಟು ಜನ ಉಂಡರೆ ವರ್ಷ ಬಾಳಿಕೆ ಬರುವ ಧಾನ್ಯ ಕೆಲವೇ ತಿಂಗಳಿಗೆ ಮುಗಿಯುತ್ತೆ. ಗುಂಪು ಗುಂಪಾಗಿ ಹೊರಕ್ಕೆ ಕಳಿಸಿದ. ಮೊದಲ ಗುಂಪುಗಳನ್ನು ಫ್ರೆಂಚರು ಬಿಟ್ಟರು. ಫಿಲಿಪ್ಪನಿಗೆ ವಿಷಯ ತಿಳಿದ ಮೇಲೆ ಕೊನೆಯ ಗುಂಪಿಗೆ ದಾರಿ ಕೊಡಲಿಲ್ಲ. ಹಿಂದೆ ಬಂದರೆ ಬಾಗಿಲು ಹಾಕಿತ್ತು. ಗೋಡೆಗೂ ಪಾಳೆಯಕ್ಕೂ ನಡುವಿನ ಬರಡು ಇಳಿಜಾರಿನಲ್ಲಿ, ಚಳಿಗಾಲವಿಡೀ, ಹುಲ್ಲು ಬೇರು ತಿನ್ನುತ್ತಾ ಬಹಳ ಜನ ಸತ್ತರು. ಕೊನೆಗೆ ಫಿಲಿಪ್ಪನೇ ಉಳಿದವರಿಗೆ ದಾರಿ ಬಿಟ್ಟ.

ಚೂಪು ಮೂತಿ, ಅಲೆಗೋಡೆ, ಇಳಿಜಾರು ಬುಡ ಎಲ್ಲದರ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಆ ಬಾಗಿಲನ್ನು ಮುಚ್ಚಿದ್ದು ಕೂಡ ರಕ್ಷಣಾ ವ್ಯವಸ್ಥೆಯೇ. ಅದನ್ನು ಯಾವ ಅಂಗದ ಕೆಳಗೆ ಪಟ್ಟಿ ಮಾಡೋಣ? ಬಲಗೈ ಮೆಟ್ಟಿಲಿನ ಮೇಲೆ ನನಗೆ ಇರುವ ಸಿಟ್ಟು ಇದು. ಅದು ಗೋಪುರವನ್ನು ಇಬ್ಬರು ವೀರರ ಆಟಿಕೆಯನ್ನಾಗಿ ಮಾಡಿ, ಎಷ್ಟು ಮೂಟೆ ಧಾನ್ಯ, ಎಷ್ಟು ಬಾಯಿ, ಯಾರು ಒಳಗೆ, ಯಾರು ಹೊರಗೆ ಅನ್ನುವ ಲೆಕ್ಕವನ್ನು ಮರೆಸುತ್ತದೆ.

ಇದಕ್ಕೆ ಉಲ್ಟಾ ಹೊಡೆಯುವ ಪಂಥವೂ ಇದೆ, ಅವರ ಜೊತೆಗೂ ನನ್ನ ಜಗಳವಿದೆ. ಕಳೆದ ಕೆಲವು ದಶಕಗಳಿಂದ ವಿದ್ವಾಂಸರಲ್ಲಿ ಹಲವರು, ಕೋಟೆ ಗೋಪುರಗಳು ಬಹುಪಾಲು ಪ್ರತಿಷ್ಠೆಯ ಪ್ರದರ್ಶನ ಅನ್ನುತ್ತಾರೆ. ಅವರ ಬಳಿ ಒಳ್ಳೆಯ ಸಾಕ್ಷ್ಯವೂ ಇದೆ. ಎಸೆಕ್ಸಿನ ಹೆಡಿಂಗಮ್ ಗೋಪುರದ ಮೇಲಿನ ಕಿಟಕಿ ಸಾಲಿನ ಹಿಂದೆ ಮೂಲದಲ್ಲಿ ಮಹಡಿಯೇ ಇರಲಿಲ್ಲ, ಚಾವಣಿ ಅದಕ್ಕಿಂತ ಕೆಳಗಿತ್ತು, ಹೊರಗಿನವರಿಗೆ ಇನ್ನೊಂದು ಅಂತಸ್ತು ಇದೆ ಅಂತ ಕಾಣಲಿ ಅಂತ ಗೋಡೆ ಎಬ್ಬಿಸಿದ್ದು ಅಂತ ಡಿಕ್ಸನ್ ಮತ್ತು ಮಾರ್ಷಲ್ ತೋರಿಸಿದರು. ಅವರ ಪಂಥದ ಅಚ್ಚುಮೆಚ್ಚಿನ ಉದಾಹರಣೆ ಸಸೆಕ್ಸಿನ ಬೋಡಿಯಮ್. ಫ್ರಾನ್ಸಿನ ಯುದ್ಧಗಳಲ್ಲಿ ದುಡ್ಡು ಮಾಡಿ ಬಂದಿದ್ದ ಎಡ್ವರ್ಡ್ ಡಾಲಿಂಗ್ರಿಜ್ 1385ರಲ್ಲಿ ತೆನೆಗಳುಳ್ಳ ಗೋಡೆ ಕಟ್ಟಲು ದೊರೆಯ ಅಪ್ಪಣೆ ಪಡೆದು ಕಟ್ಟಿಸಿದ್ದು. ನಾಲ್ಕು ಮೂಲೆಗೆ ನಾಲ್ಕು ದುಂಡು ಗೋಪುರ, ಸುತ್ತ ಕೆರೆಯಂಥ ಕಂದಕ, ನೀರಿನಲ್ಲಿ ಪ್ರತಿಬಿಂಬ. ಕ್ಯಾಲೆಂಡರಿನಲ್ಲಿ ನೀವು ನೋಡಿಯೇ ಇರುತ್ತೀರಿ. 28 ಪಾಯಿಖಾನೆಗಳು ಆ ಸುಂದರ ನೀರಿಗೇ ಇಳಿಯುತ್ತಿದ್ದವು ಅನ್ನೋದು ಕ್ಯಾಲೆಂಡರಿನಲ್ಲಿ ಕಾಣುವುದಿಲ್ಲ.

ಪ್ರದರ್ಶನ ಪಂಥದ ವಾದ: ಕಂದಕದ ಏರಿ ಕಡಿದರೆ ನೀರು ಹರಿದುಹೋಗುತ್ತೆ, ಚರ್ಚಿನ ಕಿಟಕಿ ದೊಡ್ಡದು, ಗೋಡೆ ತೆಳು. ನಿಜವಾದ ದಂಡಿನ ಮುಂದೆ ಇದು ನಿಲ್ಲುತ್ತಿರಲಿಲ್ಲ, ಆದ್ದರಿಂದ ಇದು ವೇಷ. ಒಪ್ಪಬೇಕಾದ ಮಾತೇ, ಒಂದು ಪ್ರಶ್ನೆ ಬಿಟ್ಟರೆ. ನಿಜವಾದ ದಂಡು ಬರುತ್ತೆ ಅಂತ ಯಾರು ಅಂದರು? 1377ರಲ್ಲಿ ಹತ್ತಿರದ ರೈ ಪಟ್ಟಣವನ್ನು ಫ್ರೆಂಚರು ಸುಟ್ಟು ಹೋಗಿದ್ದರು, ಹಡಗಿನಲ್ಲಿ ಬಂದು ದೋಚಿ ಹೋಗುವ ಜನ. 1381ರಲ್ಲಿ ಪಕ್ಕದ ಕೆಂಟಿನಿಂದ ರೈತರ ದಂಗೆ ಎದ್ದಿತ್ತು. ಡಾಲಿಂಗ್ರಿಜ್‌ಗೆ ಹೆದರಿಕೆ ಇದ್ದಿದ್ದರೆ ಇಂಥವರದು. ಒಂದು ರಾತ್ರಿ ಬಂದು ಬಾಗಿಲು ಸುಡುವವರಿಗೆ ಆ ಕಂದಕ, ಬಾಗಿಲಿನ ಬಂದೂಕಿನ ಕಿಂಡಿ, ಒಂದು ಗೋಪುರದ ಬುಡದಲ್ಲಿ ಅಡಗಿದ ಬಾವಿ ಧಾರಾಳ ಸಾಕು. ನಮ್ಮ ಅಪಾರ್ಟ್‌ಮೆಂಟಿನ ಗೇಟು ಮಿಲಿಟರಿ ಟ್ಯಾಂಕನ್ನು ತಡೆಯಲ್ಲ ಅಂತ ಅದನ್ನು ವೇಷ ಅನ್ನುತ್ತೇವೆಯೇ? ಗೋಪುರ ಯಾರ ಭಯಕ್ಕೆ ಕಟ್ಟಿದ್ದು ಅಂತ ಕೇಳದೆ ಅದರ ಬಲಾಬಲ ಅಳೆಯುವ ತಪ್ಪನ್ನು ಎರಡೂ ಪಂಥ ಮಾಡುತ್ತವೆ.

ಚೆಲುವಿನಲ್ಲಿ ಬೋಡಿಯಮ್‌ಗೆ ಸಾಟಿಯಿಲ್ಲ, ಆದರೆ ಎರಡನೇ ಸಲ ಹೋಗಬೇಕು ಅಂತ ನನಗೆ ಅನ್ನಿಸಲಿಲ್ಲ. ರಾಚೆಸ್ಟರಿಗೆ ಊರಿಗೆ ವಾಪಸ್ಸಾಗುವ ಹಿಂದಿನ ವಾರವೂ ಹೋಗಿದ್ದೆ, ಒಬ್ಬನೇ. ಅವತ್ತು ಮೊದಲು ಅಡ್ಡಗೋಡೆಯ ಬಾವಿಯ ಬಾಯಿಗೆ ತಲೆ ಹಾಕಿದೆ. ಕೆಳಗೇನೂ ಕಾಣಲಿಲ್ಲ, ತಣ್ಣಗಿನ ಗಾಳಿ ಮುಖಕ್ಕೆ ತಾಗಿತು. ಅಲ್ಲಿಂದ ಮೆಟ್ಟಿಲು ಹತ್ತುತ್ತಿರುವಾಗ ಹಿಂದೆ ಒಬ್ಬ ತಂದೆಯ ದನಿ ಕೇಳಿತು. ಮಗನಿಗೆ ಅದೇ ಕಥೆ ಹೇಳುತ್ತಿದ್ದ, ಬಲಗೈ, ನಡುಗಂಬ, ಕತ್ತಿ. ಹುಡುಗ ನೀರಿನ ಬಾಟಲಿಯನ್ನು ಕತ್ತಿ ಮಾಡಿಕೊಂಡು ಕಲ್ಲಿಗೆ ಬಡಿಯುತ್ತಾ ಬರುತ್ತಿದ್ದ. ತಿದ್ದಬೇಕು ಅನ್ನಿಸಿತು, ಬಾಯಿ ಬರಲಿಲ್ಲ. ಮೆಟ್ಟಿಲು ಅಗಲವಿರುವ ಹೊರಗೋಡೆಯ ಕಡೆ ಒತ್ತರಿಸಿ ನಿಂತು ಅವರಿಬ್ಬರಿಗೆ ದಾರಿ ಬಿಟ್ಟೆ. ಮೇಲಿನ ತಿರುವಿನಲ್ಲಿ ಹುಡುಗ ನಿಂತ. ಸುಸ್ತಾಗಿತ್ತೇನೋ, ಕತ್ತಿಯ ಮುಚ್ಚಳ ತೆಗೆದು ಗಟಗಟ ಕುಡಿದ.